ಕ್ರೂಸ್ ಕಂಟ್ರೋಲ್ ಕೈಕೊಟ್ಟರೆ ಮೊದಲು ಪೆಡಲ್ ಬುಡ ನೋಡಿ

ಪ್ರಶ್ನೆ: ಸರ್, ನನ್ನದು 2013ರ ಡೀಸೆಲ್ ಸೆಡಾನ್, ಮ್ಯಾನ್ಯುವಲ್ ಗೇರ್. 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ. ಕೆಲಸದ ಮೇಲೆ ದಾವಣಗೆರೆಯಿಂದ ಬೆಂಗಳೂರಿಗೆ ಆಗಾಗ ಹೋಗಿ ಬರುತ್ತೇನೆ. ಹೈವೇಯಲ್ಲಿ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದಿದ್ದರೂ ಸೆಟ್ ಮಾಡಿದ ಸ್ಪೀಡ್ ಕಾಯ್ದುಕೊಳ್ಳುವ ಸೌಲಭ್ಯ) ಹಾಕಿಕೊಂಡು ಹೋಗುವುದು ಅಭ್ಯಾಸ. ಕೆಲವು ತಿಂಗಳಿಂದ ಅದು ಕೈಕೊಡುತ್ತಿದೆ. ಆನ್ ಬಟನ್ ಒತ್ತಿದರೆ ಮೀಟರ್‌ನಲ್ಲಿ ‘ಕ್ರೂಸ್’ ದೀಪ ಬರುತ್ತದೆ. ‘ಸೆಟ್’ ಒತ್ತಿದರೆ ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಹಿಡಿಯುವುದೇ ಇಲ್ಲ. ಹಿಡಿದರೂ ರಸ್ತೆಯಲ್ಲಿ ಗಾಡಿ ಸ್ವಲ್ಪ ಕುಲುಕಿದರೆ ಸಾಕು, ಬಿಟ್ಟುಬಿಡುತ್ತದೆ. ಹಾರನ್ ಸರಿ ಇದೆ, ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್‌ಗಳೂ ಸರಿ ಇವೆ. ಬೇರೆ ಯಾವ ವಾರ್ನಿಂಗ್ ಲೈಟೂ ಇಲ್ಲ. ಒಬ್ಬ ಮೆಕ್ಯಾನಿಕ್ ಸ್ಟೀರಿಂಗ್ ಸ್ವಿಚ್ ಸೆಟ್ ಬದಲಾಯಿಸಿ ಅಂದರು. ಇನ್ನೊಬ್ಬರು ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಅಂದರು. ಎರಡೂ ದುಬಾರಿ. ಹಳೇ ಗಾಡಿಗೆ ಇಷ್ಟು ದುಡ್ಡು ಸುರಿಯಬೇಕಾ? ಅಂದ ಹಾಗೆ, ದೀಪಾವಳಿ ಹೊತ್ತಿಗೆ ಕ್ಲಚ್ ಸೆಟ್ ಹಾಕಿಸಿದ್ದೆ. ಅದು ಬಿಟ್ಟರೆ ದೊಡ್ಡ ಕೆಲಸ ಏನೂ ಮಾಡಿಸಿಲ್ಲ.

ಉತ್ತರ: ಎರಡನ್ನೂ ಬದಲಾಯಿಸಬೇಡಿ. ಸದ್ಯಕ್ಕಂತೂ ಬೇಡ. ನೀವು ಕೊನೆಗೆ ‘ಅಂದ ಹಾಗೆ’ ಅಂತ ಸೇರಿಸಿದ ಸಾಲಿದೆಯಲ್ಲ, ಕ್ಲಚ್ ಸೆಟ್ ವಿಷಯ, ನನ್ನ ಕಣ್ಣಿಗೆ ಮೊದಲು ಬಿದ್ದಿದ್ದೇ ಅದು. ಕ್ರೂಸ್ ಕೈಕೊಡಲು ಶುರುವಾಗಿದ್ದು ಅದಾದ ಮೇಲೇ ಅಲ್ವಾ? ಒಮ್ಮೆ ನೆನಪು ಮಾಡಿಕೊಳ್ಳಿ. ನಿಮ್ಮ ಗಾಡಿಯ ಕಂಪನಿ ಹೆಸರನ್ನು ಪ್ರಶ್ನೆಯಿಂದ ತೆಗೆದಿದ್ದೇನೆ. ಈ ಕಾಯಿಲೆಗೆ ಕಂಪನಿ ಭೇದ ಇಲ್ಲ. ಹತ್ತು ವರ್ಷ ದಾಟಿದ ಯಾವ ಗಾಡಿಗಾದರೂ ಬರಬಹುದು.

ನಿಮ್ಮ ಗಾಡಿಯಲ್ಲಿ ಕ್ರೂಸ್ ಕಂಟ್ರೋಲ್ ಅನ್ನುವ ಪ್ರತ್ಯೇಕ ಯಂತ್ರವೇ ಇಲ್ಲ. ಇದು ತಿಳಿದಿದ್ದರೆ ಮುಂದಿನದು ಸುಲಭ. ಆಕ್ಸಿಲರೇಟರ್ ಪೆಡಲ್‌ನಿಂದ ಎಂಜಿನ್‌ಗೆ ಈಗ ಕೇಬಲ್ ಹೋಗುವುದಿಲ್ಲ. ಪೆಡಲ್‌ನಲ್ಲೇ ಒಂದು ಸೆನ್ಸರ್ ಇರುತ್ತದೆ. ನೀವು ಎಷ್ಟು ಒತ್ತಿದಿರಿ ಅಂತ ಅದು ಇಸಿಎಂಗೆ ಹೇಳುತ್ತದೆ, ಇಸಿಎಂ ಅದಕ್ಕೆ ತಕ್ಕಷ್ಟು ಡೀಸೆಲ್ ಬಿಡುತ್ತದೆ. ಕ್ರೂಸ್ ಹಾಕಿದಾಗ ಅದೇ ಇಸಿಎಂ ಪೆಡಲ್ ಮಾತು ಕೇಳುವ ಬದಲು ಸ್ಪೀಡ್ ನೋಡಿಕೊಂಡು ತಾನೇ ಡೀಸೆಲ್ ಬಿಡುತ್ತದೆ. ಅಷ್ಟೇ, ಬರೀ ಒಂದು ಪ್ರೋಗ್ರಾಮ್. ಇಸಿಎಂ ನಿಜಕ್ಕೂ ಹೋಗಿದ್ದರೆ ಗಾಡಿ ಸ್ಟಾರ್ಟ್ ಆಗಲು ತಕರಾರು ಮಾಡುತ್ತಿತ್ತು, ದಾರಿಯಲ್ಲಿ ಎಳೆಯುತ್ತಿರಲಿಲ್ಲ, ಮೀಟರ್ ತುಂಬ ದೀಪ ಉರಿಯುತ್ತಿದ್ದವು. ಎಂಜಿನ್‌ ಅನ್ನು ಚೆನ್ನಾಗಿ ನಡೆಸಿಕೊಂಡು ಕ್ರೂಸ್ ಒಂದನ್ನು ಮಾತ್ರ ಮರೆಯುವ ಇಸಿಎಂ ತುಂಬಾ ಅಪರೂಪ. ‘ಇಸಿಎಂ ಹೋಗಿದೆ’ ಅನ್ನುವುದು ಎಷ್ಟೋ ಸಲ ‘ನನಗೆ ಗೊತ್ತಾಗುತ್ತಿಲ್ಲ’ ಅನ್ನುವುದರ ಇನ್ನೊಂದು ರೂಪ.

ಈ ಪ್ರೋಗ್ರಾಮ್ ಒಂದು ಅನುಮಾನ ಪಿಶಾಚಿ. ಬೇಕೆಂದೇ ಹಾಗೆ ಮಾಡಿದ್ದಾರೆ. ಚಾಲಕನ ಕಾಲು ಪೆಡಲ್ ಮೇಲೆ ಇಲ್ಲದಿರುವಾಗ ಎಂಜಿನ್ ತಾನಾಗಿ ಗಾಡಿ ಓಡಿಸುತ್ತಿರುತ್ತದೆ. ಆಗ ಸಣ್ಣ ಅನುಮಾನ ಬಂದರೂ ಕೈ ಬಿಡಲೇಬೇಕು. ಬ್ರೇಕ್ ಒತ್ತಿಲ್ಲ ಅಂತ ಖಾತ್ರಿಯಾಗಬೇಕು, ಅದೂ ಎರಡು ಕಡೆಯಿಂದ. ಕ್ಲಚ್ ಒತ್ತಿಲ್ಲ ಅಂತ ಗೊತ್ತಾಗಬೇಕು. ಸ್ಪೀಡ್ ಸಾಮಾನ್ಯವಾಗಿ 40ರ ಆಸುಪಾಸಿಗಿಂತ ಮೇಲಿರಬೇಕು. ಸ್ಪೀಡ್ ಸಿಗ್ನಲ್ ಕಡಿಯದೆ ಬರುತ್ತಿರಬೇಕು. ಎಬಿಎಸ್‌ನಲ್ಲಿ, ಎಂಜಿನ್‌ನಲ್ಲಿ ದೂರು ಇರಬಾರದು (ಎಬಿಎಸ್ ಅಂದರೆ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ). ಇವರಲ್ಲಿ ಯಾರೊಬ್ಬರು ಬೇಡ ಅಂದರೂ ಕ್ರೂಸ್ ಬಿಟ್ಟುಬಿಡುತ್ತದೆ, ಕಾರಣ ಹೇಳುವುದಿಲ್ಲ. ಹಾಗಾಗಿ ಕೆಟ್ಟ ಪಾರ್ಟ್ ಹುಡುಕುವುದಕ್ಕಿಂತ, ಬೇಡ ಅನ್ನುತ್ತಿರುವವರು ಯಾರು ಅಂತ ಹುಡುಕಿದರೆ ಕೆಲಸ ಬೇಗ ಮುಗಿಯುತ್ತದೆ.

ಈಗ ನಿಮ್ಮ ಲಕ್ಷಣ ನೋಡೋಣ. ಕ್ರೂಸ್ ದೀಪ ಬರುತ್ತಿದೆ. ಅಂದರೆ ಆನ್ ಬಟನ್ ಸರಿ ಇದೆ, ಸ್ಟೀರಿಂಗ್‌ನಿಂದ ಒಳಗೆ ಹೋಗುವ ವೈರೂ ಸರಿ ಇದೆ. ಸೆಟ್ ಒತ್ತಿದರೆ ಒಮ್ಮೊಮ್ಮೆ ಹಿಡಿಯುತ್ತಿದೆ. ಆ ಬಟನ್ ಮೇಲೆ ಅನುಮಾನ ಪಡಬಹುದು, ಒಪ್ಪುತ್ತೇನೆ. ಆದರೆ ಹಿಡಿದ ಮೇಲೆ ಗಾಡಿ ಕುಲುಕಿದಾಗ ಬಿಟ್ಟುಹೋಗುತ್ತಿದೆಯಲ್ಲ, ಅದು ಸೆಟ್ ಬಟನ್ ಕೆಲಸ ಅಲ್ಲ. ಒಮ್ಮೆ ಹಿಡಿದ ಮೇಲೆ ಆ ಬಟನ್‌ಗೆ ಅಲ್ಲಿ ಕೆಲಸವೇ ಇಲ್ಲ. ಬಿಟ್ಟುಹೋಗಬೇಕೆಂದರೆ ಯಾರೋ ‘ಬಿಡು’ ಅಂತ ಹೇಳಬೇಕು. ಕುಲುಕಿದಾಗ ಹಾಗೆ ಹೇಳಬಲ್ಲವರು ಮುಖ್ಯವಾಗಿ ಇಬ್ಬರು: ಕ್ಲಚ್ ಪೆಡಲ್ ಸ್ವಿಚ್, ಬ್ರೇಕ್ ಪೆಡಲ್ ಸ್ವಿಚ್. ಕ್ಲಚ್ ಕೆಲಸ ಆದ ಮೇಲೆ ಶುರುವಾಗಿದ್ದರೆ ನನ್ನ ಓಟು ಕ್ಲಚ್ ಸ್ವಿಚ್‌ಗೆ.

ಇಲ್ಲಿ ಒಂದು ಕಡೆ ಒಳ್ಳೊಳ್ಳೆ ಮೆಕ್ಯಾನಿಕ್‌ಗಳೂ ಎಡವುತ್ತಾರೆ. ‘ಕ್ಲಚ್ ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತಿದೆ, ಹಾಗಾಗಿ ಕ್ಲಚ್ ಸ್ವಿಚ್ ಸರಿ ಇದೆ’ ಅನ್ನುತ್ತಾರೆ. ಎಷ್ಟೋ ಗಾಡಿಗಳಲ್ಲಿ ಕ್ಲಚ್ ಪೆಡಲ್‌ಗೆ ಎರಡು ಸ್ವಿಚ್ ಇರುತ್ತವೆ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಒತ್ತಿಕೊಳ್ಳುವುದು ಸ್ಟಾರ್ಟಿಂಗ್ ಸ್ವಿಚ್. ಪೆಡಲ್ ಪೂರ್ತಿ ಮೇಲೆ ಬಂದಾಗ ಒತ್ತಿಕೊಳ್ಳುವುದು ಕ್ರೂಸ್‌ಗೆ ಸಂಬಂಧಪಟ್ಟಿದ್ದು. ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ಕೆಳಗಿನದು ಸರಿ ಇದ್ದು ಮೇಲಿನದು ಕೈಕೊಡಬಹುದು.

ಕ್ಲಚ್ ಸೆಟ್ ಹಾಕಿದಾಗ ಇದಕ್ಕೇನು ಆಗುತ್ತದೆ? ಪೆಡಲ್ ನಿಲ್ಲುವ ಎತ್ತರ ಬದಲಾಗಬಹುದು. ಹೈಡ್ರಾಲಿಕ್ ಕ್ಲಚ್ (ಆಯಿಲ್ ಒತ್ತಡದಿಂದ ನಡೆಯುವುದು) ಆದರೆ ಲೈನ್‌ನಲ್ಲಿ ಗಾಳಿ ಉಳಿದು ಪೆಡಲ್ ಕೊನೆಯ ಕೂದಲೆಳೆಯಷ್ಟು ಮೇಲೆ ಬಾರದೆ ನಿಲ್ಲಬಹುದು. ಪೆಡಲ್ ಬುಡದಲ್ಲಿ ಕೈಯಾಡಿಸುವಾಗ ಸ್ವಿಚ್‌ನ ಕಪ್ಲರ್ (ವೈರ್ ಸೇರಿಸುವ ಕನೆಕ್ಟರ್) ಅರ್ಧ ಕಳಚಿರಬಹುದು. ಇಲ್ಲವೇ ಹಳೇ ಸ್ವಿಚ್‌ನ ಸ್ಪ್ರಿಂಗ್ ಸುಮ್ನೆ ಸೋತಿರಬಹುದು. ಹೇಗೇ ಆಗಲಿ, ನಿಮ್ಮ ಕಾಲು ಕ್ಲಚ್ ಮೇಲೆ ಇಲ್ಲದಿದ್ದರೂ ಇಸಿಎಂಗೆ ‘ಕ್ಲಚ್ ಒತ್ತಿದ್ದಾರೆ’ ಅಂತ ಕಾಣುತ್ತದೆ. ಗಾಡಿ ಕುಲುಕಿದಾಗ ಪೆಡಲ್ ತನ್ನ ತೂಕಕ್ಕೆ ಒಂಚೂರು ಜಗ್ಗುತ್ತದೆ, ಸ್ವಿಚ್ ಬಿಟ್ಟುಕೊಳ್ಳುತ್ತದೆ, ಕ್ರೂಸ್ ಹೋಗುತ್ತದೆ.

ಇದನ್ನು ಮನೆ ಮುಂದೆಯೇ ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಇರಲಿ. ರೇಡಿಯೋ, ಎಸಿ ಏನೂ ಬೇಡ, ನಿಶ್ಶಬ್ದ ಇರಲಿ. ಡ್ರೈವರ್ ಬಾಗಿಲು ತೆಗೆದು ಕೆಳಗೆ ಕೂತು ಟಾರ್ಚ್ ಹಿಡಿದು ಕ್ಲಚ್ ಪೆಡಲ್‌ನ ಕಂಬಿ ಮೇಲಕ್ಕೆ ಎಲ್ಲಿ ಹೋಗುತ್ತದೆ ನೋಡಿ. ಅಲ್ಲಿ ಒಂದು ಪುಟ್ಟ ಸ್ವಿಚ್, ಅದರ ಮೂತಿಯಲ್ಲಿ ಒಂದು ಕಡ್ಡಿ, ಹಿಂದೆ ಎರಡು ವೈರಿನ ಕಪ್ಲರ್ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಇದು ಕ್ಲಚ್ ಮಾಸ್ಟರ್ ಸಿಲಿಂಡರ್ ಮೇಲೆ ಕೂತಿರುತ್ತದೆ, ಹಾಗಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಪೆಡಲ್ ಅನ್ನು ಕೈಯಿಂದ ಎರಡಿಂಚು ಒತ್ತಿ, ನಿಧಾನಕ್ಕೆ ಮೇಲೆ ಬಿಡಿ. ಪೆಡಲ್ ಮೇಲಿನ ತುದಿ ಮುಟ್ಟುವ ಸ್ವಲ್ಪ ಮೊದಲೇ ಸಣ್ಣಗೆ ‘ಟಿಕ್’ ಅನ್ನಬೇಕು. ಪೆಡಲ್ ತಾನಾಗಿ ನಿಂತ ಮೇಲೂ ಸದ್ದು ಬರಲಿಲ್ಲ ಅಂದರೆ ಪೆಡಲ್ ಕೆಳಗೆ ಎರಡು ಬೆರಳಿಟ್ಟು ಮೇಲಕ್ಕೆ ಎತ್ತಿ. ಎತ್ತಿದಾಗ ‘ಟಿಕ್’ ಅಂದರೆ ಕಳ್ಳ ಸಿಕ್ಕಿದ.

ಎಲ್ಲ ಸ್ವಿಚ್ಚೂ ಸದ್ದು ಮಾಡುವುದಿಲ್ಲ. ಮಲ್ಟಿಮೀಟರ್ ಇದ್ದರೆ ಕಪ್ಲರ್ ಕಳಚಿ, ಸ್ವಿಚ್‌ನ ಎರಡು ಪಿನ್‌ಗಳ ಮಧ್ಯೆ ಬೀಪ್ ಮೋಡ್ (ಸಂಪರ್ಕ ಇದ್ದರೆ ಸದ್ದು ಮಾಡುವುದು) ಇಟ್ಟು ನೋಡಿ. ಪೆಡಲ್ ಮೇಲೆ–ಕೆಳಗೆ ಮಾಡುವಾಗ ಬೀಪ್ ಶುದ್ಧವಾಗಿ ಬಂದು ಶುದ್ಧವಾಗಿ ನಿಲ್ಲಬೇಕು. ಗೊರಗೊರ ಅಂದರೆ, ಅಥವಾ ಪೆಡಲ್ ಅಲ್ಲಾಡಿಸಿದರೆ ಬೀಪ್ ಕಡಿದು ಕಡಿದು ಬಂದರೆ ಒಳಗಿನ ಕಾಂಟ್ಯಾಕ್ಟ್ ಸವೆದಿದೆ. ಅದನ್ನು ಅಡ್ಜಸ್ಟ್ ಮಾಡಿ ಉಪಯೋಗ ಇಲ್ಲ, ಬದಲಾಯಿಸಿ.

ಹೈವೇಯಲ್ಲೇ ತಿಳಿಯುವ ಇನ್ನೊಂದು ದಾರಿಯಿದೆ. ಖಾಲಿ, ನೇರ ರಸ್ತೆ ಇರಬೇಕು, ಟಾಪ್ ಗೇರ್‌ನಲ್ಲಿರಬೇಕು. ಎಡಗಾಲಿಗೆ ಹೇಗಿದ್ದರೂ ಕೆಲಸ ಇರುವುದಿಲ್ಲ. ಅದರ ಮುಂಪಾದವನ್ನು ಕ್ಲಚ್ ಪೆಡಲ್ ಹಿಂದೆ ತೂರಿಸಿ ಹಗುರವಾಗಿ ಮೇಲಕ್ಕೆ ಎತ್ತಿ ಹಿಡಿದು ಸೆಟ್ ಒತ್ತಿ. ಹಾಗೆ ಹಿಡಿದಿರುವಷ್ಟು ಹೊತ್ತು ಕ್ರೂಸ್ ಬಿಡದೆ ನಿಂತು, ಕಾಲು ತೆಗೆದ ಮೇಲೆ ಮುಂದಿನ ಕುಲುಕಿಗೆ ಹೋದರೆ ಮತ್ತೆ ಯೋಚಿಸಬೇಕಾಗಿಲ್ಲ. ಚಪ್ಪಲಿ ಹಾಕಿಕೊಂಡು ಇದನ್ನು ಮಾಡಬೇಡಿ, ಸಿಕ್ಕಿಹಾಕಿಕೊಳ್ಳುತ್ತದೆ. ಬ್ರೇಕ್ ಪೆಡಲ್ ಮೇಲೆ ಈ ಪ್ರಯೋಗ ಮಾಡಲೇಬೇಡಿ.

ಕ್ಲಚ್ ಸರಿ ಇದೆ ಅಂತಾದರೆ ಬ್ರೇಕ್ ಸ್ವಿಚ್‌ಗೆ ಬನ್ನಿ. ಕ್ಲಚ್ ಇಲ್ಲದ ಆಟೋಮ್ಯಾಟಿಕ್ ಗಾಡಿಯವರು ನೇರವಾಗಿ ಇಲ್ಲಿಂದಲೇ ಶುರು ಮಾಡಬಹುದು. ಹಳೇ ಗಾಡಿಗಳಲ್ಲಿ ಕ್ರೂಸ್ ನಿಂತಿತು ಅಂದರೆ ನಾನು ಮೊದಲು ಬೆರಳು ತೋರಿಸುವುದು ಇದಕ್ಕೇ. ಬ್ರೇಕ್ ಪೆಡಲ್ ಸ್ವಿಚ್ ಒಳಗೆ ಸಾಮಾನ್ಯವಾಗಿ ಎರಡು ಜೊತೆ ಕಾಂಟ್ಯಾಕ್ಟ್ ಇರುತ್ತವೆ. ಒಂದು ಜೊತೆ, ಪೆಡಲ್ ಒತ್ತಿದಾಗ ಕೂಡಿಕೊಂಡು ಹಿಂದಿನ ಬ್ರೇಕ್ ಲೈಟ್ ಉರಿಸುತ್ತದೆ. ಇನ್ನೊಂದು ಜೊತೆ ಅದಕ್ಕೆ ತದ್ವಿರುದ್ಧ. ಪೆಡಲ್ ಮೇಲಿರುವಾಗ ಕೂಡಿಕೊಂಡಿದ್ದು, ಒತ್ತಿದಾಗ ಬಿಟ್ಟುಕೊಳ್ಳುತ್ತದೆ. ಇಸಿಎಂ ಎರಡನ್ನೂ ನೋಡುತ್ತದೆ. ಒಂದು ‘ಒತ್ತಿದ್ದಾರೆ’ ಅಂದು ಇನ್ನೊಂದು ‘ಒತ್ತಿಲ್ಲ’ ಅಂದರೆ ಅದಕ್ಕೆ ಯಾರ ಮೇಲೂ ನಂಬಿಕೆ ಇಲ್ಲ. ಕ್ರೂಸ್ ಬಂದ್. ‘ಬ್ರೇಕ್ ಲೈಟ್ ಸರಿಯಾಗಿ ಉರಿಯುತ್ತಿದೆ, ಸ್ವಿಚ್ ಏನೂ ಆಗಿಲ್ಲ’ ಅನ್ನುವ ವಾದ ನಿಲ್ಲದಿರುವುದು ಇದಕ್ಕೇ. ಬ್ರೇಕ್ ಲೈಟ್ ಹೇಳುವುದು ಅರ್ಧ ಸ್ವಿಚ್‌ನ ಕತೆ ಮಾತ್ರ.

ಸಂಜೆ ಗಾಡಿಯನ್ನು ಗೋಡೆಗೆ ಹಿಂಭಾಗ ಮಾಡಿ ನಿಲ್ಲಿಸಿ, ಅಥವಾ ಮನೆಯವರು ಯಾರನ್ನಾದರೂ ಹಿಂದೆ ನಿಲ್ಲಿಸಿ. ಪೆಡಲ್ ಮುಟ್ಟದೆ ಇದ್ದಾಗ ಬ್ರೇಕ್ ಲೈಟ್ ಉರಿಯುತ್ತಿದೆಯಾ? ಮಂಕಾಗಿಯಾದರೂ? ಪೆಡಲ್ ಮೇಲೆ ಬೆರಳಿಟ್ಟು ಹಗುರವಾಗಿ ತಟ್ಟಿದರೆ ಮಿನುಗುತ್ತದೆಯಾ? ಬರೀ ತಟ್ಟಿದ್ದಕ್ಕೆ ಮಿನುಗಿದರೆ ರಸ್ತೆ ಕುಲುಕಿದಾಗಲೂ ಮಿನುಗುತ್ತದೆ, ಹಿಂದಿನವರಿಗೆ ನೀವು ಸುಮ್ಮನೆ ಬ್ರೇಕ್ ಹಾಕುತ್ತಿರುವ ಹಾಗೆ ಕಾಣುತ್ತಿರುತ್ತದೆ. ಗಾಡಿ ಪಾರ್ಕ್ ಮಾಡಿದ ಮೇಲೆ ರಾತ್ರಿಯಿಡೀ ಲೈಟ್ ಉರಿದು ಬೆಳಿಗ್ಗೆ ಬ್ಯಾಟರಿ ಇಳಿದಿದ್ದರೂ ಇದೇ ಮೂಲ.

ಪೆಡಲ್ ಬುಡ ನೋಡುವಾಗ ಮ್ಯಾಟ್ ಮೇಲೂ ಕಣ್ಣಾಡಿಸಿ. ಅಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರ್ ಚೂರುಗಳು ಬಿದ್ದಿದ್ದರೆ ಗುಡಿಸಿ ಬಿಸಾಡಬೇಡಿ. ಸ್ವಿಚ್‌ನ ಕಡ್ಡಿ ಬಂದು ಒತ್ತಿಕೊಳ್ಳುವ ಜಾಗದಲ್ಲಿ ಪೆಡಲ್ ಕಂಬಿಗೆ ಒಂದು ತೂತು, ಆ ತೂತಿಗೆ ಒಂದು ಪುಟ್ಟ ಗುಂಡಿಯಂಥ ಪ್ಯಾಡ್ ಇರುತ್ತದೆ. ವಯಸ್ಸಾದ ಮೇಲೆ ಅದು ಪುಡಿಯಾಗಿ ಉದುರುತ್ತದೆ. ಆಗ ಕಡ್ಡಿ ತೂತಿನೊಳಗೆ ತೂರಿಕೊಂಡು, ಪೆಡಲ್ ಪೂರ್ತಿ ಮೇಲಿದ್ದರೂ ಸ್ವಿಚ್ ಒತ್ತಿಕೊಳ್ಳುವುದಿಲ್ಲ. ಹಳೇ ಹೋಂಡಾಗಳಲ್ಲಿ ಇದು ಎಷ್ಟು ಮಾಮೂಲಿ ಅಂದರೆ ಅಮೆರಿಕದಲ್ಲಿ ಅಕಾರ್ಡ್, ಸಿವಿಕ್ ಇಟ್ಟುಕೊಂಡವರು ಮ್ಯಾಟ್ ನೋಡಿಯೇ ರೋಗ ಹೇಳುತ್ತಾರೆ. ಹೊಸ ಪ್ಯಾಡ್ ತೀರಾ ಅಗ್ಗ. ಹಾಕುವಾಗ ಬಗ್ಗಿ ಬಗ್ಗಿ ಬೆನ್ನು ನೋಯುತ್ತದೆ, ಅದೇ ದೊಡ್ಡ ಖರ್ಚು.

ಸ್ವಿಚ್ ಬದಲಾಯಿಸುವಾಗ ಒಂದು ಎಚ್ಚರ. ಮೈಮೇಲೆ ತಿರುಪಿನ ಥ್ರೆಡ್ ಇರುವ ಸ್ವಿಚ್ ಆದರೆ ಲಾಕ್ ನಟ್ ಸಡಿಲಿಸಿ ತಿರುಗಿಸುತ್ತಾ ಹೋಗಬೇಕು. ಕಡ್ಡಿ ಪೂರ್ತಿ ಒಳಗೆ ಹೋಗಿ, ಸ್ವಿಚ್‌ನ ಮೈಗೂ ಪೆಡಲ್ ಕಂಬಿಗೂ ಮಧ್ಯೆ ಒಂದು ಮಿಲಿಮೀಟರ್ ಆಸುಪಾಸು ಸಂದು ಉಳಿಯಬೇಕು. ಕ್ರೂಸ್ ಗಟ್ಟಿಯಾಗಿ ಹಿಡಿಯಲಿ ಅಂತ ಜಾಸ್ತಿ ತಿರುಗಿಸಿದರೆ ಸ್ವಿಚ್ಚೇ ಪೆಡಲ್ ಅನ್ನು ಒತ್ತಿ ಹಿಡಿಯುತ್ತದೆ. ಬ್ರೇಕ್ ಆದರೆ ಚಕ್ರ ಹಿಡಿದು ಬಿಸಿಯಾಗುತ್ತದೆ, ಕ್ಲಚ್ ಆದರೆ ನೀವು ಈಗಷ್ಟೇ ಹಾಕಿಸಿದ ಪ್ಲೇಟ್ ಸವೆಯುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಕಾಲು ಸುತ್ತು ತಿರುಗಿಸಿ ಕೂರಿಸುವ ಸ್ವಿಚ್ ಬರುತ್ತದೆ. ಅದು ಕೂರುವಾಗಲೇ ತನ್ನ ಅಳತೆ ತಾನೇ ಹೊಂದಿಸಿಕೊಳ್ಳುತ್ತದೆ, ಅದೂ ಒಂದೇ ಸಲ. ಬಿಚ್ಚಿ ನೋಡಿ ಹಾಗೇ ವಾಪಸ್ ಹಾಕಿದರೆ ಅಳತೆ ತಪ್ಪುತ್ತದೆ. ಸ್ವಿಚ್ ‘ಚೆಕ್’ ಮಾಡಿಸಿದ ಮೇಲೆ ಕ್ರೂಸ್ ಹೋಯಿತು ಅನ್ನುವವರ ಗಾಡಿಗಳಲ್ಲಿ ಇದನ್ನು ನೋಡಬೇಕು.

ಸ್ಕ್ಯಾನರ್ (ಇಸಿಎಂನಲ್ಲಿ ದಾಖಲಾದ ದೋಷದ ಕೋಡ್ ಓದುವ ಉಪಕರಣ) ಹಾಕಿಸಿದ್ದೀರಾ ಅಂತ ನೀವು ಬರೆದಿಲ್ಲ. ಹಾಕಿಸದೆ ಇಸಿಎಂ ಮೇಲೆ ಆರೋಪ ಹೊರಿಸಿದ್ದರೆ ಆ ಗ್ಯಾರೇಜ್‌ಗೆ ದೂರದಿಂದಲೇ ನಮಸ್ಕಾರ ಮಾಡಿ. ಸ್ಟೀರಿಂಗ್ ಕೆಳಗೆ 16 ಪಿನ್‌ನ ಓಬಿಡಿ ಸಾಕೆಟ್ (ಸ್ಕ್ಯಾನರ್ ಚುಚ್ಚುವ ಜಾಗ) ಇರುತ್ತದೆ. ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಡಾಂಗಲ್ ಅದಕ್ಕೆ ಚುಚ್ಚಿ ಮೊಬೈಲ್‌ನಲ್ಲೇ ಕೋಡ್ ಓದಬಹುದು. ಮೀಟರ್‌ನಲ್ಲಿ ದೀಪ ಉರಿಯದಿದ್ದರೂ ಕೋಡ್ ಒಳಗೆ ಕೂತಿರಬಹುದು. ಪಿ 0571, ಪಿ 0504, ಪಿ 0703 ಬಂದರೆ ಬ್ರೇಕ್ ಸ್ವಿಚ್ ಕಡೆ ನೋಡಿ. 0504 ಅಂದರೆ ಮೇಲೆ ಹೇಳಿದೆನಲ್ಲ, ಎರಡು ಕಾಂಟ್ಯಾಕ್ಟ್ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತಲೇ ಅರ್ಥ. ಪಿ 0704, ಪಿ 0833 ಕ್ಲಚ್ ಸ್ವಿಚ್‌ನವು. ಪಿ 0500 ಬಂದರೆ ಸ್ಪೀಡ್ ಸಿಗ್ನಲ್. ಒಳ್ಳೆಯ ಸ್ಕ್ಯಾನರ್ ಇರುವ ಗ್ಯಾರೇಜ್ ಆದರೆ ಕೋಡ್‌ಗಿಂತ ಲೈವ್ ಡೇಟಾ ತೋರಿಸಿ ಅಂತ ಕೇಳಿ. ಬ್ರೇಕ್ ಸ್ವಿಚ್, ಕ್ಲಚ್ ಸ್ವಿಚ್ ಎರಡರ ಮುಂದೆಯೂ ಆನ್, ಆಫ್ ಅಂತ ಬದಲಾಗುವುದು ಕಾಣುತ್ತದೆ. ಪೆಡಲ್ ಮುಟ್ಟದೆ ಡ್ಯಾಶ್‌ಬೋರ್ಡ್ ಕೆಳಗಿನ ವೈರ್ ಅಲ್ಲಾಡಿಸಿ. ಆಗ ಆಫ್ ಇದ್ದಿದ್ದು ಆನ್ ಆದರೆ ಸ್ವಿಚ್ ಅಲ್ಲ, ಕಪ್ಲರ್ ಅಥವಾ ವೈರ್ ಕಾರಣ. ಕೆಲವು ಕಂಪನಿಗಳ ಸ್ವಂತ ಸ್ಕ್ಯಾನರ್‌ನಲ್ಲಿ ಕ್ರೂಸ್ ಕಳೆದ ಸಲ ಯಾವ ಕಾರಣಕ್ಕೆ ಬಿಟ್ಟಿತು ಅನ್ನುವ ದಾಖಲೆಯೂ ಸಿಗುತ್ತದೆ. ಅದು ಸಿಕ್ಕರೆ ನನ್ನ ಈ ಇಡೀ ಉತ್ತರವೇ ಬೇಡ.

ಇಷ್ಟು ನಿಮ್ಮ ಗಾಡಿಗೆ. ಇದೇ ತೊಂದರೆ ಬೇರೆ ರೂಪದಲ್ಲಿ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಮುಂದಿನ ಮಾತು.

ಕ್ರೂಸ್ ದೀಪವೇ ಬರುತ್ತಿಲ್ಲ, ಜೊತೆಗೆ ಹಾರನ್ ಒಮ್ಮೊಮ್ಮೆ ಹೊಡೆಯುತ್ತಿಲ್ಲ, ಏರ್‌ಬ್ಯಾಗ್ ದೀಪ ಉರಿಯುತ್ತಿದೆ ಅಂದರೆ ಅದು ಕ್ಲಾಕ್ ಸ್ಪ್ರಿಂಗ್. ಸ್ಟೀರಿಂಗ್ ತಿರುಗುತ್ತಿದ್ದರೂ ಅದರ ಮೇಲಿನ ಬಟನ್‌ಗಳಿಗೆ ಕರೆಂಟ್ ಹೋಗಬೇಕಲ್ಲ, ಅದಕ್ಕೆ ಟೈಲರ್ ಅಂಗಡಿಯ ಟೇಪಿನ ಹಾಗೆ ಚಪ್ಪಟೆ ಕೇಬಲ್ ಒಂದನ್ನು ಡಬ್ಬಿಯೊಳಗೆ ಸುತ್ತಿಟ್ಟಿರುತ್ತಾರೆ. ವರ್ಷಗಟ್ಟಲೆ ಸುತ್ತಿ ಬಿಚ್ಚಿ ಕೊನೆಗೆ ಎಲ್ಲೋ ಬಿರುಕು ಬಿಡುತ್ತದೆ. ಸ್ಟೀರಿಂಗ್ ತಿರುಗಿಸುವಾಗ ಸರಸರ ಸದ್ದು ಬಂದರೆ ಅನುಮಾನ ಗಟ್ಟಿ. ಇದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ಏರ್‌ಬ್ಯಾಗ್ ಬಿಚ್ಚಬೇಕಾಗುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯದೆ ಯಾರೇ ಏರ್‌ಬ್ಯಾಗ್‌ಗೆ ಕೈ ಹಾಕಿದರೂ ತಡೆಯಿರಿ. ಹೊಸದನ್ನು ಕೂರಿಸುವಾಗ ಚಕ್ರ ನೇರವಿದ್ದು ಕ್ಲಾಕ್ ಸ್ಪ್ರಿಂಗ್ ಸರಿಯಾಗಿ ನಡುವಿನ ಗುರುತಿಗೆ ಬಂದಿರಬೇಕು. ಇಲ್ಲದಿದ್ದರೆ ಮೊದಲ ಯೂ ಟರ್ನ್‌ನಲ್ಲೇ ಹೊಸ ಕೇಬಲ್ ಕಿತ್ತುಹೋಗುತ್ತದೆ.

ಬಟನ್‌ಗಳದ್ದೇ ತೊಂದರೆ ಇರುವುದೂ ಉಂಟು. ಎಷ್ಟೋ ಗಾಡಿಗಳಲ್ಲಿ ಸೆಟ್, ರೆಸ್ಯೂಮ್ (ಮೊದಲು ಸೆಟ್ ಮಾಡಿದ ಸ್ಪೀಡ್‌ಗೆ ಮರಳುವುದು), ಕ್ಯಾನ್ಸಲ್ ಮೂರಕ್ಕೂ ಒಂದೇ ವೈರ್. ಒಂದೊಂದು ಬಟನ್‌ಗೆ ಒಂದೊಂದು ರೆಸಿಸ್ಟೆನ್ಸ್ ಇಟ್ಟು, ಬರುವ ವೋಲ್ಟೇಜ್ ನೋಡಿ ಯಾವುದು ಒತ್ತಿದರು ಅಂತ ಇಸಿಎಂ ಕಂಡುಕೊಳ್ಳುತ್ತದೆ. ಬೆವರು, ಧೂಳು, ಚೆಲ್ಲಿದ ಕಾಫಿ ಒಳಗಿಳಿದರೆ ಲೆಕ್ಕ ತಪ್ಪುತ್ತದೆ. ಸೆಟ್ ಒತ್ತಿದರೆ ರೆಸ್ಯೂಮ್ ಆಗುವುದು, ಗಟ್ಟಿಯಾಗಿ ಒತ್ತಿದರೆ ಮಾತ್ರ ಹಿಡಿಯುವುದು, ಇವು ಅದರ ಲಕ್ಷಣ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ.

ಎಬಿಎಸ್ ದೀಪ ಉರಿಯುತ್ತಿದ್ದರೆ ಕ್ರೂಸ್ ಬಗ್ಗೆ ಯೋಚಿಸುವುದನ್ನು ಬಿಟ್ಟು ಮೊದಲು ಅದನ್ನು ಮಾಡಿಸಿ. ಚಕ್ರದ ಬೇರಿಂಗ್ ಬದಲಾಯಿಸಿದ ಮೇಲೆ ಶುರುವಾಗಿದ್ದರೆ ವೀಲ್ ಸ್ಪೀಡ್ ಸೆನ್ಸರ್ ನೋಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಗಾಡಿ ನಿಲ್ಲಿಸುವ ಬೆಂಗಳೂರಿನವರು ಇಲಿಯನ್ನು ನೆನಪಿಟ್ಟುಕೊಳ್ಳಿ. ಬಾನೆಟ್ ಒಳಗಿನ ತೆಳು ವೈರ್ ಅಂದರೆ ಅದಕ್ಕೆ ಪ್ರಾಣ. ಚೆಕ್ ಎಂಜಿನ್ ದೀಪ ಇದ್ದರೂ ಅಷ್ಟೇ. ಡೀಸೆಲ್ ಗಾಡಿಗಳಲ್ಲಿ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ಮಸಿ ಹಿಡಿದು ಕೋಡ್ ಬಂದರೆ, ಅದಕ್ಕೂ ಕ್ರೂಸ್‌ಗೂ ನೇರ ಸಂಬಂಧ ಇಲ್ಲದಿದ್ದರೂ ಕೆಲವು ಇಸಿಎಂಗಳು ಕ್ರೂಸ್ ಕಿತ್ತುಕೊಳ್ಳುತ್ತವೆ.

ಬ್ರೇಕ್ ಲೈಟ್‌ಗೆ ಮಿಣಮಿಣ ಎಲ್‌ಇಡಿ ಹಾಕಿಸಿದವರಿಗೆ ಒಂದು ಮಾತು. ಅಂಗಡಿಯವರು ಪೆಡಲ್ ಸ್ವಿಚ್ ಹತ್ತಿರವೇ ವೈರ್ ಸುಲಿದು, ತಿರುಚಿ, ಟೇಪ್ ಸುತ್ತಿರುತ್ತಾರೆ. ನಾಲ್ಕು ಮಳೆಗಾಲ ಕಳೆದರೆ ಆ ಜಾಯಿಂಟ್ ಹಸಿರುಗಟ್ಟಿರುತ್ತದೆ. ಮೊದಲು ಅದನ್ನು ಕಿತ್ತು ವೈರಿಂಗ್ ಮೊದಲಿನ ಹಾಗೆ ಮಾಡಿಸಿ, ಆಮೇಲೆ ಮುಂದಿನ ಮಾತು.

ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡು ‘ಕ್ರೂಸ್ ಹಿಡಿಯುತ್ತಿಲ್ಲ’ ಅನ್ನುವವರು ಇನ್ನೊಂದು ನೋಡಬೇಕು. ಸ್ಪೀಡ್ ಲಿಮಿಟರ್ (ಸೆಟ್ ಮಾಡಿದ ಸ್ಪೀಡ್ ದಾಟಲು ಬಿಡದಿರುವುದು, ತಾನಾಗಿ ಓಡಿಸುವುದಲ್ಲ) ಮತ್ತು ಕ್ರೂಸ್ ಎರಡಕ್ಕೂ ಒಂದೇ ಬಟನ್ ಇರುವ ಗಾಡಿಗಳಿವೆ. ಲಿಮಿಟರ್ ಮೋಡ್‌ನಲ್ಲಿ ಸೆಟ್ ಒತ್ತಿ ಕಾಲು ತೆಗೆದರೆ ಗಾಡಿ ನಿಧಾನ ಆಗುತ್ತದೆ, ಆಗಲೇಬೇಕು. ಗಾಡಿಯ ಮ್ಯಾನ್ಯುವಲ್ ಒಮ್ಮೆ ತಿರುವಿ ಹಾಕಿ.

ಅಮೆರಿಕದಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷದ ಗಾಡಿ ಇಟ್ಟುಕೊಂಡ ಕನ್ನಡಿಗರ ಕತೆ ಬೇರೆ. ಆ ಕಾಲದ ಗಾಡಿಗಳಲ್ಲಿ ಕ್ರೂಸ್‌ಗೆ ನಿಜಕ್ಕೂ ಪ್ರತ್ಯೇಕ ಯಂತ್ರ ಇತ್ತು. ಎಂಜಿನ್‌ನ ವ್ಯಾಕ್ಯೂಮ್‌ನಿಂದಲೋ ಪುಟ್ಟ ಮೋಟರ್‌ನಿಂದಲೋ ಒಂದು ಕೇಬಲ್ ಎಳೆದು ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ತೆರೆಯುತ್ತಿತ್ತು. ವ್ಯಾಕ್ಯೂಮ್ ಇರುವ ಗಾಡಿ ಸಮತಟ್ಟಿನಲ್ಲಿ ಸರಿಯಾಗಿ ಹೋಗಿ, ಏರಿನಲ್ಲಿ ಮಾತ್ರ ಸ್ಪೀಡ್ ಬಿಟ್ಟುಕೊಡುತ್ತಿದ್ದರೆ ರಬ್ಬರ್ ಪೈಪ್ ಬಿರಿದಿರಬಹುದು ಅಥವಾ ಒಳಗಿನ ಡಯಾಫ್ರಾಮ್ (ರಬ್ಬರ್ ಪೊರೆ) ಸೋರುತ್ತಿರಬಹುದು. ಹಳೇ ಫೋರ್ಡ್‌ಗಳಲ್ಲಿ ಇನ್ನೊಂದು ವಿಚಿತ್ರ: ಕ್ರೂಸ್ ಯಂತ್ರ ಹಿಂದಿನ ಬ್ರೇಕ್ ಬಲ್ಬ್‌ಗಳ ಮೂಲಕವೇ ಅರ್ಥಿಂಗ್ ಹುಡುಕುತ್ತದೆ. ಬಲ್ಬ್‌ಗಳೆಲ್ಲ ಸುಟ್ಟಿದ್ದರೂ, ಎಲ್‌ಇಡಿ ಹಾಕಿದ್ದರೂ ಕ್ರೂಸ್ ಹಿಡಿಯದಿರಬಹುದು.

ಅದೇ ಫೋರ್ಡ್‌ಗಳ ಬಗ್ಗೆ ಒಂದು ಗಂಭೀರ ವಿಷಯ. 90ರ ದಶಕದಿಂದ 2000ದ ಮೊದಲ ವರ್ಷಗಳವರೆಗಿನ ಎಫ್-150, ಎಕ್ಸ್‌ಪೆಡಿಷನ್ ಮುಂತಾದ ಅನೇಕ ಮಾಡೆಲ್‌ಗಳಲ್ಲಿ ಬ್ರೇಕ್ ಮಾಸ್ಟರ್ ಸಿಲಿಂಡರ್ ಮೇಲೆ ಕ್ರೂಸ್ ನಿಲ್ಲಿಸುವ ಒಂದು ಪ್ರೆಶರ್ ಸ್ವಿಚ್ ಇತ್ತು. ಒಳಗಿನ ತೆಳು ಪೊರೆ ಬಿರಿದು ಬ್ರೇಕ್ ಆಯಿಲ್ ಕರೆಂಟ್ ಇರುವ ಭಾಗಕ್ಕೆ ಸೋರುತ್ತಿತ್ತು. ಕೀ ತೆಗೆದಿದ್ದರೂ ಸ್ವಿಚ್‌ಗೆ ಕರೆಂಟ್ ಇರುತ್ತಿದ್ದರಿಂದ ನಿಲ್ಲಿಸಿದ ಗಾಡಿಗಳಿಗೇ ಬೆಂಕಿ ಹತ್ತಿಕೊಂಡಿತು. 1999ರಿಂದ 2009ರವರೆಗೆ ಕಂಪನಿ ಕಂತು ಕಂತಾಗಿ ಒಂದು ಕೋಟಿಗೂ ಜಾಸ್ತಿ ಗಾಡಿಗಳನ್ನು ರೀಕಾಲ್ ಮಾಡಿತು. ಅಂಥ ಗಾಡಿಯಲ್ಲಿ ಕ್ರೂಸ್ ತಾನಾಗಿ ನಿಂತರೆ ಫ್ಯೂಸ್ ಬದಲಾಯಿಸಿ ಸುಮ್ಮನಾಗಬೇಡಿ. ಗಾಡಿಯ ವಿನ್ ನಂಬರ್ (ಗಾಡಿಗೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ) ಹಾಕಿ ರೀಕಾಲ್ ಕೆಲಸ ಆಗಿದೆಯಾ ಅಂತ ನೋಡಿ.

ಅಂದಹಾಗೆ, ಕ್ರೂಸ್ ಕಂಟ್ರೋಲ್ ಕಂಡುಹಿಡಿದವರು ಐದನೇ ವಯಸ್ಸಿಗೇ ಕಣ್ಣು ಕಳೆದುಕೊಂಡ ಎಂಜಿನಿಯರ್, ಇಂಡಿಯಾನಾದ ರಾಲ್ಫ್ ಟೀಟರ್. ಗಾಡಿ ಓಡಿಸುತ್ತಿದ್ದ ಅವರ ವಕೀಲರು ಮಾತಾಡುವಾಗ ನಿಧಾನ ಮಾಡಿ, ಕೇಳಿಸಿಕೊಳ್ಳುವಾಗ ಜೋರು ಮಾಡುತ್ತಿದ್ದರಂತೆ. ಪಕ್ಕದಲ್ಲಿ ಕೂತು ಸಾಕಾಗಿ ಇದನ್ನು ಯೋಚಿಸಿದರು ಅಂತ ಹೇಳುತ್ತಾರೆ. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ. 1958ರಲ್ಲಿ ಕ್ರೈಸ್ಲರ್ ಕಂಪನಿ ಇಂಪೀರಿಯಲ್ ಕಾರುಗಳಲ್ಲಿ ಕೊಟ್ಟಿತು.

ನಿಮ್ಮ ಕೊನೆಯ ಪ್ರಶ್ನೆ ದುಡ್ಡಿನದು. ಪೆಡಲ್ ಸ್ವಿಚ್ ಕೆಲವು ನೂರು ರೂಪಾಯಿಯ ಪಾರ್ಟ್. ಇದರಲ್ಲಿ ಮಾತ್ರ ಜುಗ್ಗತನ ಬೇಡ, ಕಂಪನಿಯ ಒರಿಜಿನಲ್ ತೆಗೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ ಹುಡುಕುವುದಾದರೆ ಹಳೇ ಸ್ವಿಚ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಪಿನ್ ಎಣಿಸಿ ತನ್ನಿ. ಬ್ರೇಕ್ ಸ್ವಿಚ್‌ಗಳು ನೋಡಲು ಒಂದೇ ಥರ ಇದ್ದು ಒಂದರಲ್ಲಿ ಎರಡು ಪಿನ್, ಇನ್ನೊಂದರಲ್ಲಿ ನಾಲ್ಕು ಇರುತ್ತವೆ. ಎರಡು ಪಿನ್‌ನದು ಹಾಕಿದರೆ ಬ್ರೇಕ್ ಲೈಟ್ ಉರಿಯುತ್ತದೆ, ಕ್ರೂಸ್ ಬರುವುದಿಲ್ಲ. ಕ್ಲಚ್ ಪೆಡಲ್ ಮೇಲೆ ಬಾರದೆ ನಿಲ್ಲುತ್ತಿದ್ದರೆ ಕ್ಲಚ್ ಮಾಡಿದ ಗ್ಯಾರೇಜ್‌ಗೇ ಹೋಗಿ ಏರ್ ಬ್ಲೀಡ್ ಮಾಡಿಸಿ (ಲೈನ್‌ನಲ್ಲಿ ಉಳಿದ ಗಾಳಿ ತೆಗೆಸಿ), ಅದು ಅವರ ಕೆಲಸದಲ್ಲಿ ಉಳಿದ ಬಾಕಿ. ಯಾರಾದರೂ ‘ಸ್ವಿಚ್ ಬೈಪಾಸ್ ಮಾಡಿ ಕೊಡುತ್ತೇನೆ, ಖರ್ಚೇ ಇಲ್ಲ’ ಅಂದರೆ ಬೇಡ ಅನ್ನಿ. ಕ್ಲಚ್ ಸ್ವಿಚ್ ಬೈಪಾಸ್ ಆದರೆ ಕ್ರೂಸ್‌ನಲ್ಲಿದ್ದಾಗ ನೀವು ಕ್ಲಚ್ ಒತ್ತಿದ ತಕ್ಷಣ ಎಂಜಿನ್ ಕಿರುಚಿಕೊಂಡು ಆರ್‌ಪಿಎಂ ಏರುತ್ತದೆ. ಬ್ರೇಕ್ ಸ್ವಿಚ್ ಬೈಪಾಸ್ ಆದರೆ ಏನಾಗುತ್ತದೆ ಅಂತ ಬರೆಯುವ ಅಗತ್ಯ ಇಲ್ಲ ಅಂದುಕೊಳ್ಳುತ್ತೇನೆ.

ರಿಪೇರಿ ಆದ ಮೇಲೆ ನೇರ ಹೈವೇಗೆ ಇಳಿಯಬೇಡಿ. ಊರಾಚೆ ಖಾಲಿ ರಸ್ತೆಯಲ್ಲಿ 60ಕ್ಕೆ ಸೆಟ್ ಮಾಡಿ. ಬ್ರೇಕ್ ಪೆಡಲ್ ಅನ್ನು ಹಗುರವಾಗಿ, ಗಾಡಿ ನಿಧಾನವಾಗದಷ್ಟು ಹಗುರವಾಗಿ ಒತ್ತಿ. ಸೆಟ್ ದೀಪ ಹೋಗಬೇಕು. ರೆಸ್ಯೂಮ್ ಒತ್ತಿ, ಈಗ ಕ್ಲಚ್ ಅರ್ಧ ಇಂಚು ಒತ್ತಿ. ಮತ್ತೆ ಹೋಗಬೇಕು. ಮೂರನೆಯದು ಕ್ಯಾನ್ಸಲ್ ಬಟನ್. ಮೂರೂ ಸರಿ ಇದ್ದರೆ ಒಂದೆರಡು ಹಂಪ್ ಇರುವ ಕಡೆ, ಅಥವಾ ಸೇತುವೆಯ ಜಾಯಿಂಟ್ ಕುಲುಕುವ ಕಡೆ ಓಡಿಸಿ ನೋಡಿ. ಅಲ್ಲಿ ಬಿಡದಿದ್ದರೆ ಚಿತ್ರದುರ್ಗ, ಹಿರಿಯೂರು ದಾಟುವವರೆಗೂ ಬಿಡುವುದಿಲ್ಲ. ಮಳೆ ಬರುತ್ತಿದ್ದರೆ ಮಾತ್ರ ನೀವೇ ಆಫ್ ಮಾಡಿಕೊಳ್ಳಿ. ನೀರಿನ ಮೇಲೆ ಟೈರ್ ಜಾರುವಾಗ ಕ್ರೂಸ್ ಆನ್ ಇರಬಾರದು, ಆ ಹೊತ್ತಿನಲ್ಲಿ ಹಳೇ ಗಾಡಿಯ ಪ್ರೋಗ್ರಾಮ್‌ಗಿಂತ ನಿಮ್ಮ ಕಾಲೇ ವಾಸಿ.